ಬೆಂಡು ಎರಡು ವರ್ಷ ಕಾಯುತ್ತದೆ, ನಮ್ಮ ಕಾಳು ಕಾಯುವುದಿಲ್ಲ



ಮೆಕ್ಕೆಜೋಳದ ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡನ್ನು ನಾವೇನು ಮಾಡುತ್ತೇವೆ? ಒಲೆಗೆ ಹಾಕುತ್ತೇವೆ, ಇಲ್ಲವೇ ಕಣದ ಮೂಲೆಗೆ ಸುರಿಯುತ್ತೇವೆ. ಅಮೆರಿಕದ ಮಿಸೌರಿ ರಾಜ್ಯದಲ್ಲಿ ವಾಷಿಂಗ್ಟನ್ ಎಂಬ ಊರಿದೆ. ರಾಜಧಾನಿಯಲ್ಲ, ನದಿ ದಂಡೆಯ ಸಣ್ಣ ಊರು. ಅಲ್ಲಿ ಅದೇ ಬೆಂಡಿನಿಂದ ಹೊಗೆ ಸೇದುವ ಪೈಪು ಮಾಡಿ ನೂರೈವತ್ತು ವರ್ಷದಿಂದ ಮಾರುತ್ತಿದ್ದಾರೆ. ಹೊಗೆ ಸೇದಿರೆಂದು ನಾನು ಹೇಳುವವನಲ್ಲ, ಅದು ಕೆಟ್ಟ ಚಟವೇ ಸರಿ. ನನ್ನದು ಲೆಕ್ಕದ ಮಾತು.

1869ರಲ್ಲಿ ಅಲ್ಲಿನ ರೈತನೊಬ್ಬ, ಹಾಲೆಂಡಿನಿಂದ ವಲಸೆ ಬಂದಿದ್ದ ಹೆನ್ರಿ ಟಿಬ್ಬೆ ಎಂಬ ಮರಗೆಲಸದವನ ಹತ್ತಿರ ಹೋಗಿ, ಬೆಂಡನ್ನು ಲೇತಿಗೆ ಕೊಟ್ಟು ಪೈಪು ಮಾಡಿಕೊಡು ಅಂದನಂತೆ. ಪೈಪು ಚೆನ್ನಾಗಿ ಬಂತು. ಟಿಬ್ಬೆ ಇನ್ನಷ್ಟು ಮಾಡಿ ಅಂಗಡಿಯಲ್ಲಿಟ್ಟ. ಬೆಂಡಿನ ಮೇಲಿನ ಗುಳಿಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ ನಯಮಾಡುವ ವಿಧಾನಕ್ಕೆ 1878ರಲ್ಲಿ ಪೇಟೆಂಟ್ ಪಡೆದ. ಜೋಳ ರೈತನದು, ಯೋಚನೆಯೂ ರೈತನದು, ಪೇಟೆಂಟ್ ಮಾತ್ರ ಲೇತು ಇದ್ದವನದು!

ಇನ್ನೊಂದು ಸಂಗತಿ ಕೇಳಿ. ಹೊಸ ತಳಿಗಳಲ್ಲಿ ಕಾಳು ಹೆಚ್ಚಿ ಬೆಂಡು ಸಣ್ಣಗಾಯಿತು. ಆಗ ಆ ಕಾರ್ಖಾನೆಯವರು ದಪ್ಪ ಬೆಂಡಿನ ತಳಿಯನ್ನೇ ಹಿಡಿದು ಬೆಳೆಸಿಕೊಂಡರು. ಆ ಬೆಂಡನ್ನು ಸುಮಾರು ಎರಡು ವರ್ಷ ಒಣಗಲು ಬಿಟ್ಟು, ಗಟ್ಟಿಯಾದ ಮೇಲೆಯೇ ಲೇತಿಗೆ ಕೊಡುತ್ತಾರೆ. ಎರಡು ವರ್ಷ! ಒಲೆಗೆ ಹಾಕುವ ಬೆಂಡಿಗೆ ಅಷ್ಟು ದಿನ ಕಾಯುವ ತಾಕತ್ತು ಅವರಿಗಿದೆ.

ನಮ್ಮ ಕಾಳಿಗೆ ಎರಡು ವಾರ ಕಾಯುವ ತಾಕತ್ತಿಲ್ಲ. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಎಂದು ಘೋಷಣೆಯಾಯಿತು. 2025ರ ಸುಗ್ಗಿಯಲ್ಲಿ ನಮ್ಮ ರಾಜ್ಯದ ಮಾರುಕಟ್ಟೆಗಳಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಕಾಳು ಹೋಯಿತು. ಬೆಲೆ ಬಿದ್ದಿದೆ ಎಂದು ಗೊತ್ತಿದ್ದೂ ಮಾರಿದೆವು. ಯಾಕೆ? ಗೊಬ್ಬರದ ಅಂಗಡಿಯ ಬಾಕಿ, ಸಾಲದ ವಾಯಿದೆ, ಮಳೆ ಬಂದರೆ ಮುಚ್ಚಲು ತಾಡಪಾಲೂ ಇಲ್ಲ. ಸಾಲ ನಮ್ಮಿಂದ ಬಡ್ಡಿಯೊಂದನ್ನೇ ಕಿತ್ತುಕೊಳ್ಳುವುದಿಲ್ಲ, ಕಾಯುವ ಹಕ್ಕನ್ನೂ ಕಿತ್ತುಕೊಳ್ಳುತ್ತದೆ. ಕಾಯಲಾರದವನ ಮಾಲಿಗೆ ಬೆಲೆ ಕಟ್ಟುವವನು ಕೊಳ್ಳುವವನೇ.

ಆದ್ದರಿಂದ ಬೆಲೆ ಕೊಡಿ ಎನ್ನುವುದರ ಜೊತೆಗೆ ಇನ್ನೆರಡು ಮಾತು ಗಟ್ಟಿಯಾಗಿ ಕೇಳೋಣ: ಊರ ಹತ್ತಿರ ಗೋದಾಮು, ಸುಗ್ಗಿ ಮುಗಿದು ಆರು ತಿಂಗಳಾದ ಮೇಲೆ ಸಾಲದ ವಾಯಿದೆ. ಕಣದಲ್ಲಿ ಕಾಳು ಕಾಯುವಂತಾದ ದಿನ ದಲ್ಲಾಳಿ ನಮ್ಮ ಬಾಗಿಲಿಗೆ ಬರುತ್ತಾನೆ.