ಸೂಳೆಕೆರೆಯ ಪಾಚಿಗೂ ಒಂದು ಲೆಕ್ಕ ಬೇಕು

ಸೂಳೆಕೆರೆ ಅಂದ ಕೂಡಲೇ ನಮ್ಮ ಸಿವಿಲ್ ಬ್ರಾಂಚಿನವರಿಗೆ ಏರಿ ನೆನಪಾಗುತ್ತೆ. ಆಗಬೇಕಾದ್ದೇ. ಎರಡು ಗುಡ್ಡಗಳ ನಡುವೆ ಹಾಕಿದ ಚಿಕ್ಕ ಏರಿ, ಅದರ ಹಿಂದೆ ಸುಮಾರು 6,500 ಎಕರೆ ನೀರು! ಮಳೆಗಾಲದಲ್ಲಿ ಎಷ್ಟು ಅಡಿ ತುಂಬಿತು, ಬೇಸಿಗೆಯಲ್ಲಿ ಎಷ್ಟು ಹೂಳಿದೆ, ಒತ್ತುವರಿ ಎಷ್ಟಾಗಿದೆ ಅಂತ ಮಾತಾಡ್ತೀವಿ. ನೀರು ಎಷ್ಟಿದೆ ಅಂತ ಕೇಳುವ ನಾವು, ಹೇಗಿದೆ ಅಂತ ಕೇಳೋದು ಕಮ್ಮಿ. ನನ್ನ ತಕರಾರು ಇರೋದು ಇಲ್ಲೇ.

ಪಾಚಿ ಅಂದ್ರೆ ಮೂಗು ಮುರಿಯಬೇಡಿ. ಕಣ್ಣಿಗೆ ಕಾಣದ ಪಾಚಿಯೇ ಕೆರೆಯ ಹುಲ್ಲುಗಾವಲು. ಅದನ್ನು ಸಣ್ಣ ಜೀವಿಗಳು ತಿನ್ನುತ್ತವೆ, ಅವನ್ನು ಮೀನು ತಿನ್ನುತ್ತೆ, ಮೀನಿನಿಂದ ಬೆಸ್ತರ ಮನೆ ನಡೆಯುತ್ತೆ. ತೊಂದರೆ ಬರೋದು ಅದು ಅತಿಯಾದಾಗ. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ಅದನ್ನೇ ಎಳೆದುಕೊಳ್ಳುತ್ತೆ. ಬೆಳಗಿನ ಜಾವ ಮೀನು ಸತ್ತು ತೇಲೋದು ಇದರಿಂದಲೂ ಹೌದು.

ಅತಿಯಾಗೋದು ಯಾಕೆ? 1973ರಲ್ಲಿ ಕೆನಡಾದಲ್ಲಿ ಡೇವಿಡ್ ಶಿಂಡ್ಲರ್ ತಂಡ 226ನೇ ನಂಬರಿನ ಸರೋವರಕ್ಕೆ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿತು. ಎರಡೂ ಕಡೆ ಇಂಗಾಲ, ಸಾರಜನಕ ಸೇರಿಸಿದರು; ಒಂದು ಕಡೆ ಮಾತ್ರ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ಹಸಿರು ಬಣ್ಣಕ್ಕೆ ತಿರುಗಿತು. ನೀಲಿ-ಹಸಿರು ಪಾಚಿಯ ಕೆಲವು ಜಾತಿಗಳು ಸಾರಜನಕವನ್ನು ಗಾಳಿಯಿಂದಲೇ ಹಿಡಿಯುತ್ತವೆ, ಆದರೆ ರಂಜಕ ಗಾಳಿಯಲ್ಲಿ ಸಿಗಲ್ಲ.

ಈಗ ಸೂಳೆಕೆರೆ ನೋಡಿ. ಅಗಲ ಜಾಸ್ತಿ, ಆಳ ಕಮ್ಮಿ, ಮೇಲೆ ನಮ್ಮ ಬಿಸಿಲು. ಹರಿದು ಬರುವ ಹಳ್ಳ, ಭದ್ರಾ ನಾಲೆಯ ನೀರು, ಸುತ್ತ ಅಡಿಕೆ ತೋಟ, ಭತ್ತದ ಗದ್ದೆ. ಡಿಎಪಿ ಹಾಕಿದ ಮಣ್ಣು ಮಳೆಗೆ ಕೊಚ್ಚಿ ಬಂದರೆ, ಊರಿನ ಚರಂಡಿ ಸೇರಿದರೆ, ಜೊತೆಗೆ ರಂಜಕವೂ ಬಂತು ಅಂತಲೇ ಅರ್ಥ. ಅದು ಹೂಳಿನಲ್ಲಿ ಕೂತು, ತಳದಲ್ಲಿ ಆಮ್ಲಜನಕ ಕಮ್ಮಿಯಾದಾಗ ಮತ್ತೆ ಮೇಲೇಳುತ್ತೆ. ಹೂಳು ಬರೀ ಜಾಗ ತಿನ್ನುವ ಮಣ್ಣಲ್ಲ, ಕೆರೆಯ ಹಳೇ ಸಾಲದ ಪುಸ್ತಕ.

ಚನ್ನಗಿರಿ, ಚಿತ್ರದುರ್ಗದ ನಲ್ಲಿಗಳಿಗೆ ಹೋಗೋದು ಇದೇ ನೀರು. 2014ರ ಆಗಸ್ಟಿನಲ್ಲಿ ಅಮೆರಿಕದ ಟೊಲೆಡೊ ನಗರದ ಸುಮಾರು 4 ಲಕ್ಷ ಜನಕ್ಕೆ ನಲ್ಲಿ ನೀರು ಕುಡಿಯಬೇಡಿ ಅಂದರು. ಈರಿ ಸರೋವರದ ನೀಲಿ-ಹಸಿರು ಪಾಚಿಯ ವಿಷ ಶುದ್ಧೀಕರಣ ಘಟಕ ದಾಟಿ ಬಂದಿತ್ತು. ಈ ವಿಷ ಕುದಿಸಿದರೂ ಹೋಗಲ್ಲ. ಪಾಚಿ ಕೊಲ್ಲೋಕೆ ಅಂತ ಮೈಲುತುತ್ತ ಸುರಿದರೆ ಜೀವಕೋಶ ಒಡೆದು ಇನ್ನಷ್ಟು ವಿಷ ನೀರಿಗಿಳಿಯುತ್ತೆ. ಹಾಗಾಗಿ ಬಂದ ಮೇಲೆ ಓಡಾಡೋದಕ್ಕಿಂತ ಮೊದಲೇ ಅಳೆಯೋದು ಜಾಣತನ.

ಅದಕ್ಕೆ ಕೋಟಿ ಬೇಡ. 20 ಸೆಂ.ಮೀ. ಅಗಲದ ಕಪ್ಪು-ಬಿಳಿ ತಟ್ಟೆ, ಗುರುತು ಹಾಕಿದ ಹಗ್ಗ ಸಾಕು. 1865ರಲ್ಲಿ ಸೆಕ್ಕಿ ಎಂಬ ಇಟಲಿಯ ಪಾದ್ರಿ ತಟ್ಟೆ ಇಳಿಸಿಯೇ ನೀರಿನ ತಿಳಿ ಅಳೆದಿದ್ದು. ಹೂಳಿನಿಂದಲೂ ನೀರು ಕದಡುತ್ತೆ, ಆದ್ದರಿಂದ ಲ್ಯಾಬಿನಲ್ಲಿ ಕ್ಲೋರೋಫಿಲ್, ರಂಜಕವನ್ನೂ ನೋಡಬೇಕು. ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ, ಒಂದು ಬ್ಯಾಚ್ ಮುಗಿದರೆ ಮುಂದಿನ ಬ್ಯಾಚ್. ಪ್ರತಿ ವರ್ಷ ಹಳೇ ಪ್ರಾಜೆಕ್ಟ್ ರಿಪೋರ್ಟಿಗೆ ಹೊಸ ರಟ್ಟು ಹಾಕೋದಕ್ಕಿಂತ ಇದು ವಾಸಿ ಅಲ್ವಾ?

ಏರಿ ಕಟ್ಟಿದವರು ನೂರಾರು ವರ್ಷ ನಿಲ್ಲುವಂಥದ್ದು ಕಟ್ಟಿದರು. ಒಳಗಿನ ನೀರನ್ನು ಕುಡಿಯೋ ಹಾಗೆ ಉಳಿಸೋದು ನಮ್ಮ ಪಾಲಿನ ಎಂಜಿನಿಯರಿಂಗ್. ಮುಂದಿನ ಸೆಮ್‌ಗೆ ಯಾರು ಬರ್ತೀರಿ, ಹೇಳಿ.