ಮೂರು ಮೆಟ್ಟಿಲಾಚೆಯ ಕಾಲೇಜು

ರಾಜಾಜ್ಞೆಯು ಬಹುದೂರದಿಂದ ಕೈಯಿಂದ ಕೈಗೆ ದಾಟಿಬರುವುದು ಮೊಳಕಾಲ್ಮೂರು ತಾಲ್ಲೂಕಿಗೆ ಹೊಸದಲ್ಲ. 1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳು ಹೀಗೆಯೇ ಬಂದಂಥವು. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಮೊದಲು ಆರೋಗ್ಯವನ್ನು ಹಾರೈಸಿ, ಬಳಿಕ ದೊರೆಯ ಮಾತನ್ನು ತಿಳಿಸುತ್ತಾರೆ. ಇಂದಿನ ಆಜ್ಞೆಗಳು ಹಿಡಿಯುವ ದಾರಿಯೂ ಅದೇ: ದೆಹಲಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಚಿತ್ರದುರ್ಗಕ್ಕೆ, ಚಿತ್ರದುರ್ಗದಿಂದ ತಾಲ್ಲೂಕಿಗೆ. ಆರೋಗ್ಯದ ಹಾರೈಕೆಯೊಂದನ್ನು ಮಾತ್ರ ನಮ್ಮ ಕಾಲದವರು ಕೈಬಿಟ್ಟಿದ್ದಾರೆ.

ಹಾಗೆ ಇಳಿದು ಬಂದ ಆಜ್ಞೆಗಳಲ್ಲಿ ಒಂದನ್ನು ಕುರಿತು ಇಲ್ಲಿ ವಿಚಾರಿಸಬೇಕೆಂದಿದ್ದೇನೆ. ಅಂಗವಿಕಲರಿಗಾಗಿ ನಮ್ಮ ದೇಶದಲ್ಲಿ ಮೊದಲ ಸಮಗ್ರ ಶಾಸನವಾದುದು 1995ರಲ್ಲಿ; ಅದರಲ್ಲಿ ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು. 2016ರ ಹೊಸ ಅಧಿನಿಯಮವು ಅವನ್ನು 21ಕ್ಕೆ ಏರಿಸಿತು. ಸರ್ಕಾರದ ಹಣ ಅಥವಾ ಮನ್ನಣೆ ಪಡೆದ ವಿದ್ಯಾಸಂಸ್ಥೆಗಳು ತಮ್ಮ ಕಟ್ಟಡ, ಆವರಣ, ಸೌಕರ್ಯಗಳನ್ನೆಲ್ಲ ಇಂತಹ ವಿದ್ಯಾರ್ಥಿಗಳ ಕೈಗೆಟುಕುವಂತೆ ಮಾಡಬೇಕೆಂದು ಅದರ 16ನೆಯ ಪ್ರಕರಣ ವಿಧಿಸುತ್ತದೆ. 32ನೆಯ ಪ್ರಕರಣದಂತೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಗಣನೀಯ ವೈಕಲ್ಯವುಳ್ಳವರಿಗೆ ನೂರಕ್ಕೆ 5ಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳನ್ನು ಮೀಸಲಿಡಬೇಕು. 60 ಜನರ ತರಗತಿಯಲ್ಲಿ ಮೂವರು. ನಿಯಮಕ್ಕೆ ಹೊಂದದ ನಕ್ಷೆಗೆ ಕಟ್ಟಲು ಅನುಮತಿಯಿಲ್ಲ, ಕಟ್ಟಿ ಮುಗಿಸಿದರೂ ಪೂರ್ಣತಾಪತ್ರವಿಲ್ಲ ಎನ್ನುತ್ತದೆ 44ನೆಯದು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮಾವಳಿ ಹೊರಬಿದ್ದ ಐದು ವರ್ಷಗಳೊಳಗೆ ತಿದ್ದಬೇಕೆನ್ನುತ್ತದೆ 45ನೆಯದು. ನಿಯಮಾವಳಿ ಹೊರಬಿದ್ದುದು 2017ರ ಜೂನ್ ತಿಂಗಳಲ್ಲಿ. 2022ರ ಜೂನ್ ಬಂದಿತು, ಹೋಯಿತು.

ಈ ವಿಳಂಬಕ್ಕೆ ಕಾರಣವೇನೆಂಬುದನ್ನು ಸರ್ವೋಚ್ಚ ನ್ಯಾಯಾಲಯವೇ ಒಂದು ಮಟ್ಟಿಗೆ ಬಿಡಿಸಿ ಹೇಳಿದೆ. ದೃಷ್ಟಿವೈಕಲ್ಯವುಳ್ಳ ರಾಜೀವ್ ರಾತೂರಿ ಎಂಬವರು 2005ರಲ್ಲಿ ಹೂಡಿದ ಅರ್ಜಿಯಲ್ಲಿ, 2024ರ ನವೆಂಬರ್ 8ರಂದು ಇತ್ತ ತೀರ್ಪು ಅದು. ಕಾಯಿದೆಯ ಮಾತು 'ಮಾಡತಕ್ಕದ್ದು' ಎಂಬ ಕಟ್ಟಳೆಯದು. ಅದರಡಿ ರಚಿತವಾದ 15ನೆಯ ನಿಯಮವಾದರೋ 'ಮಾಡಿದರೆ ಒಳ್ಳೆಯದು' ಎಂಬ ಸಲಹೆಯ ಧಾಟಿಗೆ ಇಳಿದಿದೆ. ಮೂಲ ಕಾಯಿದೆಗೆ ಇದು ಹೊಂದುವುದಿಲ್ಲವೆಂದು ನ್ಯಾಯಾಲಯವು ಆ ನಿಯಮದ ಮೊದಲ ಭಾಗವನ್ನು ತಳ್ಳಿಹಾಕಿ, ಕಡ್ಡಾಯವಾಗಿ ಪಾಲಿಸಬೇಕಾದವು ಯಾವುವೆಂದು ಮೂರು ತಿಂಗಳಲ್ಲಿ ಬೇರೆಯಾಗಿ ಗೊತ್ತುಪಡಿಸುವಂತೆ ಕೇಂದ್ರ ಸರ್ಕಾರಕ್ಕೆ ಆದೇಶವಿತ್ತಿತು. ಸಲಹೆಗೂ ಕಟ್ಟಳೆಗೂ ಇರುವ ಅಂತರ ವಕೀಲರಿಗೆ ಒಂದು ಶಬ್ದದ್ದಾಗಿರಬಹುದು. ಮೆಟ್ಟಿಲ ಕೆಳಗೆ ನಿಂತ ಹುಡುಗನಿಗೆ ಅದು ಮೂರು ವರ್ಷದ ವಿದ್ಯೆಯದು.

ಯಾವ ಹುಡುಗ ಎಂದು ಕೇಳಬಹುದು. ನಮ್ಮ ತಾಲ್ಲೂಕಿನ ಜೀವನೋಪಾಯಗಳನ್ನು ಒಮ್ಮೆ ಎಣಿಸಿ ನೋಡೋಣ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತು ತುಳಿದಲ್ಲದೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯಲಾಗದು. ಶೇಂಗಾ ಬಿತ್ತುವುದು, ಕೀಳುವುದು, ಕುರಿಯ ಹಿಂಡಿನ ಹಿಂದೆ ಗುಡ್ಡ ಸುತ್ತುವುದು, ಎಲ್ಲಕ್ಕೂ ಕಾಲೇ ಬಂಡವಾಳ. ಊರಿನ ಹೆಸರನ್ನು ಕಿವಿಗೊಟ್ಟು ಕೇಳಿದವರಿಗೆ ಮೊದಲು ಕೇಳಿಸುವುದೂ ಮೊಳಕಾಲೇ. ವ್ಯುತ್ಪತ್ತಿಯ ವಾದ ಪಂಡಿತರಿಗಿರಲಿ. ಇಂತಹ ನೆಲದಲ್ಲಿ ಕಾಲು ಸೋತವನಿಗೆ, ಕಣ್ಣು ಮಂಜಾದವಳಿಗೆ ಉಳಿದಿರುವ ದಾರಿ ಓದಿನದು. ಪಟ್ಟಣದ ಸಿರಿವಂತರ ಮಗನಿಗೆ ಪದವಿಯು ಹಲವು ಬಾಗಿಲುಗಳಲ್ಲಿ ಒಂದು. ಇಲ್ಲಿಯ ನೇಕಾರನ ಮನೆಯ ಅಂಗವಿಕಲ ಹುಡುಗಿಗೆ ಇರುವುದು ಅದೊಂದೇ, ಮತ್ತು ಆ ಬಾಗಿಲಿಗೆ ನಾವು ಮೆಟ್ಟಿಲು ಕಟ್ಟಿದ್ದೇವೆ.

ಪೋಲಿಯೋ ನಿರ್ಮೂಲವಾಯಿತಲ್ಲ, ಇನ್ನೆಲ್ಲಿಯ ಅಂಗವಿಕಲರು ಎನ್ನುವವರೂ ಉಂಟು. 2014ರ ಮಾರ್ಚ್ ತಿಂಗಳಲ್ಲಿ ಭಾರತವು ಪೋಲಿಯೋಮುಕ್ತವೆಂದು ಘೋಷಿತವಾದುದು ನಿಜ, ಸಂತೋಷದ ವಿಷಯ. ಆದರೆ ಹೆದ್ದಾರಿಯ ಅಪಘಾತಗಳು ಘೋಷಣೆಗೆ ಕಾಯುವುದಿಲ್ಲ. ಹೆರಿಗೆಯ ಹೊತ್ತಿನ ಏರುಪೇರಿನಿಂದ ಮಿದುಳಿಗೆ ಘಾಸಿಯಾದ ಮಕ್ಕಳಿದ್ದಾರೆ, ವರ್ಷವರ್ಷಕ್ಕೆ ಸ್ನಾಯು ಕ್ಷೀಣಿಸುವವರಿದ್ದಾರೆ, ಕಿವಿ ಕೇಳದವರಿದ್ದಾರೆ. 2011ರ ಜನಗಣತಿಯು ಕರ್ನಾಟಕದಲ್ಲಿ 13 ಲಕ್ಷಕ್ಕೂ ಮೇಲ್ಪಟ್ಟು ಅಂಗವಿಕಲರನ್ನು ಲೆಕ್ಕಹಾಕಿತು. ಅದೂ ಹಳೆಯ, ಕಿರಿದಾದ ವಿಂಗಡಣೆಯ ಮೇಲೆ.

ಈಗ ಕಟ್ಟೋಣದ ಮಾತಿಗೆ ಬರೋಣ. ಇಳಿಜಾರು ದಾರಿಯನ್ನು ಒಂದಕ್ಕೆ ಹನ್ನೆರಡರ ಪ್ರಮಾಣದಲ್ಲಿ ಕಟ್ಟಬೇಕೆಂಬುದು ಲೋಕೋಪಯೋಗಿ ಇಲಾಖೆಯ ಕಿರಿಯ ಇಂಜಿನಿಯರಿಗೂ ಗೊತ್ತಿರುವ ಸೂತ್ರ. ಇದು ಎಲ್ಲಿಂದ ಬಂದಿತೆಂಬುದು ಸ್ವಾರಸ್ಯವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಮರಳಿದ ಯೋಧರು ಓದಲು ಬಂದಾಗ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಟಿಮ್ ನ್ಯೂಜೆಂಟ್ ಎಂಬವರು 1948ರಿಂದ ಅವರಿಗಾಗಿ ವ್ಯವಸ್ಥೆಗಳನ್ನು ರೂಪಿಸತೊಡಗಿದರು. ಅಲ್ಲಿನ ಪ್ರಯೋಗಗಳ ಆಧಾರದ ಮೇಲೆ 1961ರಲ್ಲಿ ಆ ದೇಶದ ಮೊದಲ ರಾಷ್ಟ್ರೀಯ ಮಾನದಂಡ ಹೊರಬಂದಿತು. ಅದರಲ್ಲಿ ಈ ಪ್ರಮಾಣವಿದೆ. ಮರುವರ್ಷ ಬರ್ಕಲಿಯಲ್ಲಿ ಎಡ್ ರಾಬರ್ಟ್ಸ್ ಎಂಬ ಪೋಲಿಯೋಪೀಡಿತ ತರುಣ ಪ್ರವೇಶ ಪಡೆದಾಗ, ಅವನ ಉಸಿರಾಟದ ಕಬ್ಬಿಣದ ಯಂತ್ರಕ್ಕೆ ತಕ್ಕ ಕೊಠಡಿ ವಿದ್ಯಾರ್ಥಿನಿಲಯದಲ್ಲಿ ಇಲ್ಲದ್ದರಿಂದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿಯೇ ವಸತಿ ಕೊಟ್ಟರು. ಎರಡು ಕಡೆಯೂ ವಿದ್ಯಾರ್ಥಿ ಮೊದಲು ಬಂದ. ಕಟ್ಟಡ ಆಮೇಲೆ ಬದಲಾಯಿತು. ಇಂದು ಆ ಕ್ರಮವೇ ಬೇಕೆಂದಿಲ್ಲ. ಅಳತೆ ತಿಳಿದು ಅರವತ್ತು ವರ್ಷಗಳ ಮೇಲಾಯಿತು.

ಸೂತ್ರವನ್ನು ನಮ್ಮ ನೆಲಕ್ಕೆ ಅನ್ವಯಿಸಿ ನೋಡಿ. ಕಟ್ಟಡದ ತಳಪಾಯ ನೆಲಕ್ಕಿಂತ ಎರಡಡಿ ಎತ್ತರದಲ್ಲಿದ್ದರೆ ಇಳಿಜಾರಿನ ಉದ್ದ 24 ಅಡಿ ಆಗಬೇಕು, ಮೇಲೂ ಕೆಳಗೂ ಗಾಲಿಕುರ್ಚಿ ತಿರುಗುವಷ್ಟು ಸಮತಟ್ಟು ಬೇರೆ. ಕಟ್ಟಡವೆಲ್ಲ ಮುಗಿದ ಮೇಲೆ ನೆನಪಾದವರಿಗೆ 24 ಅಡಿ ಜಾಗ ಎಲ್ಲಿ ಸಿಕ್ಕೀತು? ಸಿಕ್ಕ ಎಂಟಡಿಯಲ್ಲಿಯೇ ಸಿಮೆಂಟು ಬಳಿದು ಬಿಡುತ್ತಾರೆ. ಅದು ಒಂದಕ್ಕೆ ನಾಲ್ಕರ ಏರು. ಅದರ ಮೇಲೆ ಗಾಲಿಕುರ್ಚಿ ಏರುವುದಿಲ್ಲ. ಮೋಟಾರ್ ಸೈಕಲ್ ಸೊಗಸಾಗಿ ಏರುತ್ತದೆ, ವರಾಂಡದ ನೆರಳಿನಲ್ಲಿ ನಿಲ್ಲುತ್ತದೆ. ಇನ್ನು ಮಹಡಿಯ ಮಾತು. ಹನ್ನೆರಡಡಿ ಎತ್ತರದ ಮೊದಲ ಅಂತಸ್ತಿಗೆ ಇದೇ ಪ್ರಮಾಣದಲ್ಲಿ 144 ಅಡಿ ಉದ್ದದ ದಾರಿ ಬೇಕು. ಇಷ್ಟುದ್ದದ್ದನ್ನು ಮೊದಲ ನಕ್ಷೆಯಲ್ಲಿಯೇ ಕಟ್ಟಡದ ಅಂಗವಾಗಿ ಸುತ್ತಿ ತರಬಹುದು, ಕೊನೆಯಲ್ಲಿ ಅಂಟಿಸಲಾಗದು. ಲಿಫ್ಟು ಇಡಬಹುದು, ಆದರೆ ವಿದ್ಯುತ್ತು ಬಂದು ಹೋಗುವ ಊರಿನಲ್ಲಿ, ಕೆಟ್ಟರೆ ದುರಸ್ತಿಗಾರ ದೂರದಿಂದ ಬರಬೇಕಾದ ಕಡೆ, ಲಿಫ್ಟೊಂದನ್ನೇ ನಂಬುವುದು ಜಾಣತನವಲ್ಲ.

ಬಂಡೆಗಲ್ಲಿನ ಗುಡ್ಡಗಳ ನಡುವಿನ ಊರು, ಇಲ್ಲಿ ಸಮನೆಲವೆಲ್ಲಿ ಎಂಬ ಸಮಾಧಾನವನ್ನು ನಾನು ಕೇಳಿದ್ದೇನೆ. ಅರ್ಧ ನಿಜ. ಗುಡ್ಡದ ಇಳುಕಲನ್ನು ಬಲ್ಲ ವಾಸ್ತುಶಿಲ್ಪಿಗೆ ಅದೇ ಅನುಕೂಲ: ಮೇಲಣ ಮಗ್ಗುಲಿನಿಂದ ಮಹಡಿಗೆ, ಕೆಳಗಣ ಮಗ್ಗುಲಿನಿಂದ ನೆಲಮಟ್ಟಕ್ಕೆ ನೇರ ಪ್ರವೇಶ ಕೊಡಬಹುದು. ನೆರೆಯ ಚಳ್ಳಕೆರೆಯ ಕಡೆಗೆ ಹೋದರೆ ಈ ಸಮಾಧಾನವೂ ಉಳಿಯದು. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1500 ಎಕರೆ ಕೊಟ್ಟಿರುವ ಬಯಲಿನಲ್ಲಿ ಪೆನ್ಸಿಲಿಗೆ ಅಡ್ಡ ಬರುವ ಬಂಡೆ ವಿರಳ.

ಇಷ್ಟು ಹೇಳಿದರೂ ವಿಷಯದ ತಿರುಳನ್ನು ಮುಟ್ಟಿದಂತಾಗಲಿಲ್ಲ. ಇಳಿಜಾರೊಂದೇ ಪ್ರವೇಶವಲ್ಲ, ಪ್ರವೇಶವೆಂಬುದು ಒಂದು ಸರಪಳಿ. ಬಸ್ಸಿಳಿದ ಜಾಗ, ಗೇಟು, ಅಂಗಳದ ಜಲ್ಲಿ, ಬಾಗಿಲು, ತರಗತಿ, ಗ್ರಂಥಾಲಯ, ಪ್ರಯೋಗಶಾಲೆಯ ಮೇಜಿನ ಎತ್ತರ, ಶುಲ್ಕ ಕಟ್ಟುವ ಕಿಟಕಿ, ಶೌಚಗೃಹ. ಒಂದು ಕೊಂಡಿ ಕಳಚಿದರೆ ಉಳಿದವುಗಳಿಗೆ ಸುರಿದ ಹಣ ಮಣ್ಣುಪಾಲು. ದನ ನುಗ್ಗದಿರಲೆಂದು ಗೇಟಿನಲ್ಲಿ ಹೂಡಿದ ಕಂಬಗಳ ನಡುವೆ ಗಾಲಿಕುರ್ಚಿಯೂ ನುಗ್ಗದು. ಕುರುಡನಿಗೆ ಇಳಿಜಾರಿಗಿಂತ ಮುಖ್ಯವಾದುದು ಮುಚ್ಚಿದ ಚರಂಡಿ, ಮುಖದೆತ್ತರಕ್ಕೆ ಹೊರಚಾಚದ ಕಿಟಕಿಯ ಕದ, ಪಾದಕ್ಕೆ ದಾರಿ ತಿಳಿಸುವ ಉಬ್ಬುಗೆರೆಯ ಹಾಸುಗಲ್ಲು. ಮಂದದೃಷ್ಟಿಯವಳಿಗೆ ಮೆಟ್ಟಿಲಂಚಿಗೆ ಬಳಿದ ಒಂದು ಹಳದಿ ಪಟ್ಟೆಯೇ ಸಾಕಾದೀತು. ಅದಕ್ಕೆ ತಗಲುವುದು ಒಂದು ಡಬ್ಬಿ ಬಣ್ಣ.

ನಾನು ಕಂಡ ಒಂದು ಕಾಲೇಜಿನಲ್ಲಿ (ಹೆಸರು ಬೇಡ) ಅಂಗವಿಕಲರ ಶೌಚಗೃಹವಿತ್ತು. ಅಗಲವಾದ ಬಾಗಿಲು, ಗೋಡೆಗೆ ಹಿಡಿಕೆ, ಎಲ್ಲ ಅಳತೆಯಂತೆ. ಬಾಗಿಲಿಗೆ ಬೀಗ. ಬೀಗದ ಕೈ ಜವಾನನ ಬಳಿ, ಜವಾನ ರಜೆಯ ಮೇಲೆ. ಕಿಟಕಿಯಿಂದ ಇಣುಕಿದರೆ ಒಳಗೆ ಮುರಿದ ಬೆಂಚುಗಳು. ನ್ಯಾಕ್ ಮೌಲ್ಯಮಾಪನದ ಪಟ್ಟಿಯಲ್ಲಿ ಇಳಿಜಾರು, ಶೌಚಗೃಹ, ಮಾರ್ಗಸೂಚಕಗಳು ಇವೆಯೇ ಎಂಬ ಪ್ರಶ್ನೆ ಸೇರಿಕೊಂಡಂದಿನಿಂದ ನಮ್ಮ ಕಾಲೇಜುಗಳು ಇವುಗಳ ಭಾವಚಿತ್ರಗಳನ್ನು ಶ್ರದ್ಧೆಯಿಂದ ತೆಗೆಸುತ್ತವೆ. ಆ ಪ್ರಶ್ನೆ ಇಲ್ಲದಿದ್ದರೆ ಅಷ್ಟೂ ಆಗುತ್ತಿರಲಿಲ್ಲವೆಂಬುದನ್ನು ಒಪ್ಪುತ್ತೇನೆ. ಆದರೆ ಚಿತ್ರದಲ್ಲಿ ಬೀಗ ಕಾಣುತ್ತದೆ, ಬೀಗದ ಕೈ ಯಾರಲ್ಲಿದೆಯೆಂಬುದು ಕಾಣುವುದಿಲ್ಲ.

ಕಾಲೇಜಿನವರು ಕೊಡುವ ಉತ್ತರ ಒಂದಿದೆ: 'ನಮ್ಮಲ್ಲಿ ಅಂತಹ ವಿದ್ಯಾರ್ಥಿಗಳೇ ಇಲ್ಲ, ಸ್ವಾಮಿ, ಕಟ್ಟಿಸಿ ಯಾರಿಗೆ?' ಹೇಳುವವರು ಕಪಟಿಗಳಲ್ಲ. ಪ್ರವೇಶದ ದಾಖಲೆಪುಸ್ತಕ ನೋಡಿಯೇ ಹೇಳುತ್ತಾರೆ. ಆದರೆ ಆ ಪುಸ್ತಕದಲ್ಲಿ ಬರಲಾರದೆ ಉಳಿದವರ ಹೆಸರಿರುವುದಿಲ್ಲ. ಪಿ.ಯು.ಸಿ. ಮುಗಿಸಿದ ಮಗಳನ್ನು ಕರೆದುಕೊಂಡು ತಂದೆ ಒಮ್ಮೆ ಬಂದು ಮೆಟ್ಟಿಲು ನೋಡುತ್ತಾನೆ, ತರಗತಿ ಮಹಡಿಯ ಮೇಲೆಂದು ಕೇಳುತ್ತಾನೆ, ಅರ್ಜಿಯನ್ನೂ ಕೇಳದೆ ಹಿಂದಿರುಗುತ್ತಾನೆ. ಇದಕ್ಕೆ ರಸೀದಿಯಿಲ್ಲ. ಮೈಸೂರಿನಲ್ಲಿ 1991ರಲ್ಲಿ ಅಂಗವಿಕಲರಿಗೆಂದೇ ಜೆ.ಎಸ್.ಎಸ್. ಪಾಲಿಟೆಕ್ನಿಕ್ ಆರಂಭವಾಯಿತು, ಶ್ಲಾಘ್ಯ ಕಾರ್ಯ. ಆದರೆ ಮೊಳಕಾಲ್ಮೂರಿನ ಮಗಳು ಮೈಸೂರಿಗೆ ಹೋಗಬೇಕೆನ್ನುವುದು ತಾಲ್ಲೂಕಿಗೊಂದು ಕಾಲೇಜೆಂಬ ತತ್ತ್ವಕ್ಕೆ ವಿರುದ್ಧ. ಆ ಕಾಲೇಜುಗಳನ್ನು ತೆರೆದುದೇ ದೂರ ಹೋಗಲಾರದವರಿಗಾಗಿ.

ಹಣವಿಲ್ಲವೆನ್ನುವವರಿಗೆ ನನ್ನದೊಂದು ಮಾತು. ಹೊಸ ಕಟ್ಟಡಕ್ಕೆ ನಕ್ಷೆಯ ಹಂತದಲ್ಲಿಯೇ ಈ ಅಳತೆಗಳನ್ನು ಸೇರಿಸಿದರೆ ತಗಲುವ ಹೆಚ್ಚುವರಿ ವೆಚ್ಚ ಅಲ್ಪ. ಒಡೆದು ಕಟ್ಟುವುದೇ ದುಬಾರಿ. ಹಳೆಯ ಕಟ್ಟಡದಲ್ಲಿಯೂ ಅರ್ಧ ಕೆಲಸ ಗಾರೆಯದಲ್ಲ, ಆಡಳಿತದ್ದು. ಪರೀಕ್ಷೆಯ ದಿನವನ್ನೇ ನೋಡಿ: ವರ್ಷವೆಲ್ಲ ನೆಲಮಹಡಿಯಲ್ಲಿ ಕುಳಿತು ಓದಿದವನಿಗೆ ನೋಂದಣಿ ಸಂಖ್ಯೆಯ ಸರದಿಯಂತೆ ಎರಡನೆಯ ಮಹಡಿಯ ಕೊಠಡಿ ಬೀಳುತ್ತದೆ, ಇಬ್ಬರು ಗೆಳೆಯರು ಹೊತ್ತು ಏರಿಸುತ್ತಾರೆ. ಗೆಳೆಯರ ಔದಾರ್ಯವನ್ನು ನಾವು ಹೊಗಳುತ್ತೇವೆ. ಹೊರಿಸಿಕೊಂಡವನು ಮೊದಲ ಅರ್ಧಗಂಟೆ ಏನು ಬರೆದಾನೆಂದು ಕೇಳುವುದಿಲ್ಲ.

ಪ್ರವೇಶದ ಅರ್ಜಿಯಲ್ಲಿ ವೈಕಲ್ಯವನ್ನು ನಮೂದಿಸುವ ಅಂಕಣವಿರುತ್ತದೆ. ಅದನ್ನು ತುಂಬಿದವರ ಹೆಸರುಗಳನ್ನು ಪ್ರಾಚಾರ್ಯರು ವೇಳಾಪಟ್ಟಿ ಮಾಡುವ ಅಧ್ಯಾಪಕರಿಗೆ ಕಳುಹಿಸಿ, ಈ ವಿಭಾಗದ ತರಗತಿಗಳು ನೆಲಮಹಡಿಯಲ್ಲಿರಲಿ, ಪರೀಕ್ಷೆಯ ಕೊಠಡಿಯೂ ಅಲ್ಲಿಯೇ ಇರಲಿ, ಶೌಚಗೃಹದ ಬೀಗ ತೆಗೆಯಲಿ ಎಂದು ಮೂರು ಸಾಲಿನ ಟಿಪ್ಪಣಿ ಬರೆಯಬಹುದು. ಅದಕ್ಕೆ ಅಂದಾಜುಪಟ್ಟಿ ಬೇಕಿಲ್ಲ, ಟೆಂಡರು ಬೇಕಿಲ್ಲ, ಚಿತ್ರದುರ್ಗದ ಒಪ್ಪಿಗೆಯೂ ಬೇಕಿಲ್ಲ. ಪ್ರವೇಶ ಮುಗಿದು ಪಾಠಗಳು ಆರಂಭವಾಗುವ ನಡುವಣ ವಾರದಲ್ಲಿ ಒಂದು ಮಧ್ಯಾಹ್ನ ಸಾಕು.