ಮುರಿಯಬೇಕಾದದ್ದು ಮುರಿಯಲಿ

ರಿಮೋಟ್ ಕಾರು ಎಂದ ತಕ್ಷಣ ನಮಗೆ ನೆನಪಾಗುವುದು ಜಾತ್ರೆಯ ಅಂಗಡಿಯಿಂದ ತಂದ ಮೂರನೇ ದಿನಕ್ಕೆ ಮೂಲೆ ಸೇರುವ ಆಟಿಕೆ. ನಾನು ಹೇಳಹೊರಟಿರುವುದು ಅದರ ಮಾತಲ್ಲ. ನಿಜವಾದ ಗಾಡಿಯ ಐದನೇ ಒಂದರಷ್ಟು ಗಾತ್ರದ, ಸುಮಾರು 80 ಸೆಂಟಿಮೀಟರ್ ಉದ್ದದ, 10 ಕಿಲೋ ಆಸುಪಾಸು ತೂಗುವ, ಪೆಟ್ರೋಲ್ ಕುಡಿದು ಕಲ್ಲುಮಣ್ಣಿನ ಮೇಲೆ ಹಾರುವ ಗಾಡಿಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಎಚ್‌ಪಿಐ ಕಂಪನಿಯ ಬಾಹಾ 5ಬಿ, ಲೋಸಿಯ ಫೈವ್-ಟಿ, ಜರ್ಮನಿಯ ಎಫ್‌ಜಿ ಕಂಪನಿಯ ಮಾದರಿಗಳು ಈ ಜಾತಿಯವು. ಬಾಹಾ ಎಂಬುದು ಮೆಕ್ಸಿಕೋದ ಒಂದು ಪರ್ಯಾಯ ದ್ವೀಪದ ಹೆಸರು. 1967ರಿಂದ ಅಲ್ಲಿನ ಮರುಭೂಮಿಯಲ್ಲಿ ಗಾಡಿಗಳ ಓಟ ನಡೆಯುತ್ತದೆ. ಆ ಓಟದ ಗಾಡಿಯನ್ನೇ ಕುಗ್ಗಿಸಿ ಮಾಡಿದ್ದು ಈ ಮಾದರಿ. ಪೆಟ್ರೋಲ್ ಬೇಡವೆನ್ನುವವರಿಗೆ ಬ್ಯಾಟರಿಯ ಮೇಲೆ ಓಡುವ ಟ್ರಾಕ್ಸಸ್ ಎಕ್ಸ್-ಮ್ಯಾಕ್ಸ್ ಇದೆ.

ಇಂಥವನ್ನು ಸಾಕಿಕೊಂಡವರು ನಮ್ಮ ನಗರಗಳಲ್ಲೂ ಇದ್ದಾರೆ. ನನ್ನ ತಕರಾರು ಅವರ ಮೇಲೆಯೇ. ದುಡ್ಡು ಪೋಲು ಮಾಡುತ್ತಾರೆಂದಲ್ಲ, ದೊಡ್ಡವರಾಗಿಯೂ ಆಡುತ್ತಾರೆಂದಲ್ಲ. ಆಡಲಿ. ಕೈಯಲ್ಲಿ ಇಷ್ಟು ಒಳ್ಳೆಯ ಪಾಠದ ವಸ್ತು ಇಟ್ಟುಕೊಂಡೂ ಅದನ್ನು ಓದಲು ಒಲ್ಲೆನೆನ್ನುತ್ತಾರಲ್ಲ, ಅದು ನನ್ನ ತಕರಾರು. ಏನಾದರೂ ಮುರಿದರೆ ಯಾಕೆ ಮುರಿಯಿತು ಎಂದು ನೋಡುವುದಿಲ್ಲ. ಅದಕ್ಕಿಂತ ಗಟ್ಟಿಯಾದದ್ದು ಎಲ್ಲಿ ಸಿಗುತ್ತದೆ ಎಂದು ಫೋನು ತೆಗೆಯುತ್ತಾರೆ. ಖರೀದಿ ರಿಪೇರಿಯನ್ನು ನುಂಗಿ ಕೂತಿದೆ, ಅದಕ್ಕೆ ‘ಅಪ್‌ಗ್ರೇಡ್’ ಎಂಬ ಗೌರವದ ಹೆಸರು ಬೇರೆ.

ಚಕ್ರವನ್ನು ಹಿಡಿದುಕೊಳ್ಳುವ ತೋಳನ್ನೇ ತೆಗೆದುಕೊಳ್ಳಿ. ಕಂಪನಿ ಕೊಡುವುದು ನೈಲಾನ್ ತೋಳು. ಕಲ್ಲಿಗೆ ಬಡಿದಾಗ ಅದು ಸ್ವಲ್ಪ ಬಾಗಿ ಪೆಟ್ಟನ್ನು ತಾನೇ ಕುಡಿದು ಮತ್ತೆ ಮೊದಲಿನಂತಾಗುತ್ತದೆ. ಪೆಟ್ಟು ಮಿತಿ ಮೀರಿದರೆ ಮುರಿಯುತ್ತದೆ. ಅಲ್ಲಿಗೆ ನಷ್ಟ ಒಂದು ತೋಳು. ನಮ್ಮ ಹವ್ಯಾಸಿಗೆ ಇದು ಅವಮಾನ. ನೀಲಿಯೋ ಕಿತ್ತಳೆಯೋ ಬಣ್ಣ ಬಳಿದ ಅಲ್ಯೂಮಿನಿಯಂ ತೋಳು ತರಿಸುತ್ತಾನೆ. ಫಳಫಳ ಹೊಳೆಯುತ್ತದೆ, ಫೋಟೋಗೆ ಚೆನ್ನಾಗಿರುತ್ತದೆ. ಮುಂದಿನ ಸಲ ಕಲ್ಲಿಗೆ ಬಡಿದಾಗ ತೋಳು ಮುರಿಯುವುದಿಲ್ಲ, ನಿಜ. ಆದರೆ ಪೆಟ್ಟು ಎಲ್ಲಿಗೆ ಹೋಯಿತು? ತೋಳನ್ನು ಹಿಡಿದ ಪಿನ್ನಿಗೆ, ಪಿನ್ನನ್ನು ಹಿಡಿದ ಬ್ರಾಕೆಟ್ಟಿಗೆ, ಅಲ್ಲಿಂದ ಚಾಸಿಗೆ. ತೋಳೇ ಒಂದಿಷ್ಟು ಬಾಗಿದರೆ ಇನ್ನೂ ಕಷ್ಟ, ಅಲ್ಯೂಮಿನಿಯಂ ಒಮ್ಮೆ ಬಾಗಿದರೆ ಬಾಗಿದ್ದೇ. ಚಕ್ರ ಸೊಟ್ಟಗಾಗಿ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಇವನು ಸ್ಟೀರಿಂಗ್ ಸರ್ವೋ ಬದಲಿಸುತ್ತಾನೆ. ಎಲ್ಲೋ ಒಂದು ಕಡೆ ಮುರಿಯಲೇಬೇಕು ಎಂದು ಗೊತ್ತಿದ್ದವನು ಅಗ್ಗದ ಭಾಗವೇ ಮೊದಲು ಮುರಿಯುವಂತೆ ಗಾಡಿ ಕಟ್ಟಿರುತ್ತಾನೆ. ಆ ಯೋಚನೆಯನ್ನೇ ಹಣ ಕೊಟ್ಟು ಕಿತ್ತುಹಾಕುವುದಕ್ಕೆ ನಾವು ಸುಧಾರಣೆ ಎನ್ನುತ್ತಿದ್ದೇವೆ.

ಒಣಗಿದ ನೈಲಾನ್ ಪೆಡಸಾಗುತ್ತದೆ, ತೇವ ಹೀರಿಕೊಂಡದ್ದು ಬಾಗುತ್ತದೆ. ಅದಕ್ಕೇ ಹಳೆಯ ಹವ್ಯಾಸಿಗಳು ಹೊಸ ತೋಳುಗಳನ್ನು ಕುದಿಯುವ ನೀರಿನಲ್ಲಿ ಹಾಕಿಟ್ಟು ಆಮೇಲೆ ಜೋಡಿಸುತ್ತಿದ್ದರು. ಖರ್ಚು ಒಂದಿಷ್ಟು ಗ್ಯಾಸು. ಆದರೆ ಬಣ್ಣ ಬರುವುದಿಲ್ಲ ನೋಡಿ.

ಗಾಡಿಯನ್ನು ಮಾರ್ಪಡಿಸಲೇಬಾರದು ಎಂಬ ಮಡಿವಂತಿಕೆ ನನಗಿಲ್ಲ. ಮಾರ್ಪಾಡು ರೋಗ ತಿಳಿದು ಕೊಟ್ಟ ಮದ್ದಾಗಿರಬೇಕು ಅಷ್ಟೆ. ನಮ್ಮ ಕೆಂಪು ಮಣ್ಣಿನ ಧೂಳಿನಲ್ಲಿ ಎರಡು ಸ್ಟ್ರೋಕಿನ ಎಂಜಿನ್ನನ್ನು ಕೊಲ್ಲುವುದು ಏರ್ ಫಿಲ್ಟರ್ ದಾಟಿ ಒಳಗೆ ಹೋಗುವ ಪುಡಿ. ಫಿಲ್ಟರಿನ ಸ್ಪಂಜಿಗೆ ಎಣ್ಣೆ ಹಿಡಿಸಿ, ಮೇಲೊಂದು ಬಟ್ಟೆಯ ಚೀಲ ತೊಡಿಸಿದರೆ ಎಂಜಿನ್ನಿನ ಆಯುಸ್ಸು ಹೆಚ್ಚುತ್ತದೆ. ಲೋಹಕ್ಕೆ ಲೋಹ ಕೂಡುವ ಕಡೆ ಸ್ಕ್ರೂ ಸಡಿಲವಾಗದಂತೆ ಅಂಟು ಹಾಕುವುದು, ಪ್ಲಾಸ್ಟಿಕ್ಕಿಗೆ ಅದೇ ಅಂಟು ಹಾಕಿದರೆ ಬಿರುಕು ಬಿಡಬಹುದು ಎಂದು ತಿಳಿದು ಹಾಕದಿರುವುದು, ಎರಡು ಗೇರುಗಳ ನಡುವೆ ಕಾಗದದ ಚೂರು ಇಟ್ಟು ಅವುಗಳ ಅಂತರ ಹೊಂದಿಸುವುದು, ಸಿಗ್ನಲ್ ತಪ್ಪಿದರೆ ಎಂಜಿನ್ ತಾನಾಗಿ ಆರುವಂತೆ ಕಿಲ್ ಸ್ವಿಚ್ ಕೂರಿಸುವುದು: ಇವೂ ಮಾರ್ಪಾಡುಗಳೇ, ಮತ್ತು ಕೊನೆಯದನ್ನು ಮಾಡದವನ ಕೈಗೆ ಹತ್ತು ಕಿಲೋದ ಗಾಡಿ ಕೊಡಲೇಬಾರದು. ಇವುಗಳಲ್ಲಿ ಯಾವುದೂ ಹೊಳೆಯುವುದಿಲ್ಲ.

ಇನ್ನು ಎಂಜಿನ್. ಈ ಗಾಡಿಗಳಲ್ಲಿ ಹೆಸರು ಮಾಡಿದ್ದು ಜಪಾನಿನ ಝೆನೋವಾ, 23 ಅಥವಾ 26 ಸಿಸಿಯದ್ದು. ಮರ ಕೊಯ್ಯುವ, ಕಳೆ ಸವರುವ ಯಂತ್ರಗಳಿಗೆ ಎಂಜಿನ್ ಮಾಡುತ್ತಿದ್ದ ಕಂಪನಿ ಅದು. ಆಟದ ಗಾಡಿಯ ಎಂಜಿನ್ನಿನ ವಂಶವೇ ತೋಟದ್ದು. ಅದರ ಕಾರ್ಬುರೇಟರಿನಲ್ಲಿ ಬೈಕಿನಂತೆ ಪೆಟ್ರೋಲ್ ನಿಲ್ಲುವ ಬಟ್ಟಲಿಲ್ಲ. ಎಂಜಿನ್ನಿನ ಒಳಗಿನ ಒತ್ತಡ ಏರಿಳಿದಂತೆ ಒಂದು ತೆಳು ಪೊರೆ ಮಿಡಿದು ಪೆಟ್ರೋಲನ್ನು ಎಳೆದು ತರುತ್ತದೆ. ಅದಕ್ಕೇ ಯಂತ್ರವನ್ನು ಓರೆ ಹಿಡಿದರೂ, ಗಾಡಿ ಪಲ್ಟಿ ಹೊಡೆದರೂ ಎಂಜಿನ್ ನಡೆಯುತ್ತಿರುತ್ತದೆ. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. 25ಕ್ಕೆ 1 ಎಂದರೆ ಲೀಟರಿಗೆ 40 ಮಿಲಿಲೀಟರ್. ಎಂಜಿನ್ನಿಗೆ ಅದೊಂದೇ ಎಣ್ಣೆ. ಆದ್ದರಿಂದ ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಯಿತು. ಎಂಜಿನ್ ಚುರುಕಾಗಿ ಕಿರುಚುತ್ತದೆ, ಮಾಲೀಕನಿಗೆ ಖುಷಿಯೋ ಖುಷಿ, ಒಳಗೆ ಪಿಸ್ಟನ್ ಗೀರು ಬಿದ್ದು ಸಾಯುತ್ತಿರುತ್ತದೆ.

ನನ್ನ ಪರಿಚಯದವರೊಬ್ಬರ ಗಾಡಿ ಆಕ್ಸಿಲರೇಟರ್ ಬಿಟ್ಟರೂ ವೇಗ ಇಳಿಸದೆ ಕೂಗುತ್ತಿತ್ತು. ಅವರು ಕಾರ್ಬುರೇಟರಿನ ಎರಡು ಸೂಜಿ ಸ್ಕ್ರೂಗಳನ್ನು ತಿಂಗಳುಗಟ್ಟಲೆ ತಿರುಗಿಸಿದರು. ಹೊಸ ಸೈಲೆನ್ಸರ್ ಹಾಕಿದರು. ಕಡೆಗೆ ದೊಡ್ಡ ಕಾರ್ಬುರೇಟರನ್ನೇ ತರಿಸಿದರು. ಮಲೆನಾಡಿನ ಒಂದು ಪೇಟೆಯಲ್ಲಿ ಕಳೆ ಕೊಚ್ಚುವ ಮಿಷನ್ನು ರಿಪೇರಿ ಮಾಡುವವರ ಮುಂದೆ ಅದನ್ನು ಇಟ್ಟಾಗ ಅವರು ಗಾಡಿಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ ನಕ್ಕರು, ಆಮೇಲೆ ಸ್ಟಾರ್ಟ್ ಮಾಡಿಸಿ ಸುಮ್ಮನೆ ಕಿವಿಗೊಟ್ಟರು. “ಗಾಳಿ ಎಳೀತಿದೆ ಸಾರ್, ಸ್ಕ್ರೂ ಏನು ಮಾಡುತ್ತೆ ಪಾಪ” ಎಂದರು. ಕಾರ್ಬುರೇಟರಿಗೂ ಸಿಲಿಂಡರಿಗೂ ನಡುವಿನ ಗ್ಯಾಸ್ಕೆಟ್ ಸೀಳಿತ್ತು. ಕತ್ತರಿಯಿಂದ ಹೊಸದನ್ನು ಕತ್ತರಿಸಿ ಕೂರಿಸಿದರು. ಕಾರ್ಬುರೇಟರಿನ ಪೊರೆಯೂ ಗಟ್ಟಿಯಾಗಿದೆ, ಪೆಟ್ರೋಲ್ ತುಂಬಿಟ್ಟು ತಿಂಗಳುಗಟ್ಟಲೆ ಬಿಡಬೇಡಿ, ಈಗಿನದರಲ್ಲಿ ಎಥನಾಲ್ ಇರುತ್ತೆ, ನೀರು ಹೀರುತ್ತೆ, ಪೊರೆ, ಪೈಪು ಎಲ್ಲ ಹಾಳು ಮಾಡುತ್ತೆ ಎಂದೂ ಹೇಳಿದರು. ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ಅದರಿಂದ ಸಣ್ಣ ಎಂಜಿನ್ನುಗಳಿಗೆ ಏನಾಗುತ್ತದೆ ಎಂಬುದನ್ನು ಆ ಪೇಟೆಯ ಬೆಂಚಿನ ಮೇಲೆ ಕಲಿತವರಿಗೆ ಯಾವ ಸರ್ಟಿಫಿಕೇಟೂ ಇಲ್ಲ.

ಗಾಡಿಯ ಮಾಲೀಕರು ಮೆಕ್ಯಾನಿಕಲ್ ಎಂಜಿನಿಯರ್. ಇದನ್ನು ಹೇಳದೆ ಬಿಡಬಹುದಿತ್ತು, ಆದರೆ ವಿಷಯ ಇರುವುದೇ ಅಲ್ಲಿ. ನಾಲ್ಕು ವರ್ಷ ಓದಿದವರಿಗೆ ಎರಡು ಸ್ಟ್ರೋಕ್ ಎಂಜಿನ್ನಿನ ಚಿತ್ರ ಬರೆಯಲು ಬರುತ್ತದೆ, ಅಂಕವೂ ಬಂದಿರುತ್ತದೆ. ಅದರ ದನಿ ಕೇಳಿ ಗೊತ್ತಿಲ್ಲ. ನಮ್ಮಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ 2007ರಿಂದ ಬಾಹಾ ಎಂಬ ಹೆಸರಿನದೇ ಸ್ಪರ್ಧೆಯಿದೆ. ಒಬ್ಬರು ಕೂತು ಓಡಿಸುವ ಗಾಡಿಯನ್ನು ಅವರೇ ಕಟ್ಟಿ ಹಳ್ಳದಿಣ್ಣೆಗಳಲ್ಲಿ ಓಡಿಸಬೇಕು. ಅದಕ್ಕೆ ಹೋಗಿಬಂದವರ ಮಾತೇ ಬೇರೆ ಇರುತ್ತದೆ. ಆದರೆ ಒಂದು ಕಾಲೇಜಿನಿಂದ ಹೋಗುವವರು ಎಷ್ಟು ಮಂದಿ? ಉಳಿದವರಿಗೆ ಐದನೇ ಒಂದರಷ್ಟು ಗಾತ್ರದ ಹಳೆಯ ಗಾಡಿಯೊಂದನ್ನು ಲ್ಯಾಬಿನಲ್ಲಿ ಕೊಟ್ಟು ಬಿಚ್ಚಿ ಎಂದರೆ ಡಿಫರೆನ್ಷಿಯಲ್, ಕ್ಲಚ್, ಸಸ್ಪೆನ್ಷನ್ ಎಲ್ಲ ಒಂದು ಮೇಜಿನ ಮೇಲೆ ಸಿಗುತ್ತವೆ. ಬೇಡವೆನ್ನುವುದಕ್ಕೆ ಇರುವ ಒಂದೇ ಕಾರಣ, ಅದು ಆಟಿಕೆ ಎಂಬುದು.

ಸರ್ಕಾರದ ಲೆಕ್ಕವೂ ಅದೇ. ಸುಂಕದ ಪಟ್ಟಿಯ 9503ನೇ ಸಂಖ್ಯೆಯಡಿ ಮೂರು ಗಾಲಿಯ ಸೈಕಲ್ಲು, ಗೊಂಬೆ, ಕುಗ್ಗಿಸಿದ ಅಳತೆಯ ಮಾದರಿಗಳು ಎಲ್ಲ ಒಂದೇ ಸಾಲಿನಲ್ಲಿ ಕೂತಿವೆ. ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇಕಡ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಕಳಪೆ ಪ್ಲಾಸ್ಟಿಕ್ ಗೊಂಬೆಗಳನ್ನು ತಡೆಯಲು ಹಾಕಿದ ಬೇಲಿ. ಚನ್ನಪಟ್ಟಣದವರಿಗೆ ಅದರಿಂದ ನಾಲ್ಕು ಕಾಸು ಹೆಚ್ಚು ಸಿಕ್ಕರೆ ಒಳ್ಳೆಯದೇ. ಆದರೆ ಚನ್ನಪಟ್ಟಣದಲ್ಲಿ ಯಾರೂ ಬಾಹಾ ಮಾಡುತ್ತಿಲ್ಲ. ಇನ್ನೊಂದು ಕಡೆ 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿಯ ಹಕ್ಕಿಗೆಂದು ಸಮಿತಿ ಮಾಡಿತು. ಅದು ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲು, ಗೃಹಬಳಕೆಯ ವಸ್ತು, ವಾಹನಗಳನ್ನು. ಹೀಗಾಗಿ ಒಂದೇ ಬಗೆಯ ಎಂಜಿನ್ ಅಡಿಕೆ ತೋಟದಲ್ಲಿದ್ದರೆ ಅದರ ರಿಪೇರಿಗೆ ಹಕ್ಕಿನ ಮಾತು, ನಾಲ್ಕು ಚಕ್ರದ ಮಾದರಿಯಲ್ಲಿದ್ದರೆ ಗೊಂಬೆಯ ಪಕ್ಕದ ಜಾಗ.

ಇದು ಉಳ್ಳವರ ಆಟ, ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಎನ್ನುವವರಿದ್ದಾರೆ. ಉಳ್ಳವರ ಆಟ ಹೌದು. ಅಷ್ಟು ಬೆಲೆ ಕೊಟ್ಟು ಎಲ್ಲರೂ ತರುವಂಥದ್ದಲ್ಲ. ಆದರೆ ಇದನ್ನು ಇನ್ನಷ್ಟು ದುಬಾರಿ ಮಾಡುತ್ತಿರುವುದು ರಿಪೇರಿಯಲ್ಲ, ರಿಪೇರಿ ಬಾರದಿರುವುದು. ಗ್ಯಾಸ್ಕೆಟ್ ಹಾಳೆಯ ಒಂದು ತುಂಡಿಗಾಗಿ ಕಾರ್ಬುರೇಟರ್ ತರಿಸುವವನ ಖರ್ಚು ಯಾರ ಸೃಷ್ಟಿ? ಬಿಚ್ಚಲು ಬರುವ ಹುಡುಗನೊಬ್ಬ ಯಾರೋ ಬೇಸತ್ತು ಬಿಸಾಡಿದ ಗಾಡಿಯನ್ನು ತಂದು ಓಡಿಸಬಲ್ಲ.

ಬಿಚ್ಚಲು ಬಿಡದ ಕಂಪನಿಗಳದ್ದು ಇನ್ನೊಂದು ಕತೆ. ಒಳ್ಳೆಯ ಕಂಪನಿ ಗಾಡಿಯ ಜೊತೆ ಪ್ರತಿ ಭಾಗವನ್ನೂ ಬಿಡಿಸಿ ತೋರಿಸುವ ಚಿತ್ರ ಕೊಡುತ್ತದೆ, ಒಂದೊಂದು ಸ್ಕ್ರೂವಿಗೂ ಸಂಖ್ಯೆ ಇರುತ್ತದೆ, ಬೇಕಾದದ್ದೊಂದನ್ನೇ ಬಿಡಿಯಾಗಿ ಮಾರುತ್ತದೆ. ಈ ವಿಷಯದಲ್ಲಿ ಹಳೆಯ ಕಂಪನಿಗಳು ಇವತ್ತಿನ ಮೊಬೈಲ್ ಕಂಪನಿಗಳಿಗಿಂತ ಎಷ್ಟೋ ಮೇಲು. ಬಾಹಾದ ಅಳತೆಗೆ ಹೊಂದುವ ಭಾಗಗಳನ್ನು ಚೀನಾದ ರೋವನ್‌ನಂಥವರೂ ಮಾಡುತ್ತಿರುವುದರಿಂದ ಹಳೆಯ ಗಾಡಿಗಳು ಇನ್ನೂ ಓಡುತ್ತಿವೆ. ನಕಲು ಎಂದು ಮೂಗು ಮುರಿಯುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ. ಈಚೆಗೆ ಬ್ಯಾಟರಿ ಗಾಡಿಗಳ ಸ್ಪೀಡ್ ಕಂಟ್ರೋಲರನ್ನು ಅಂಟು ಸುರಿದು ಮುಚ್ಚಿ ಕೊಡುವುದಿದೆ. ನೀರು ಹೋಗಬಾರದು ಎಂಬುದು ಕಾರಣ, ಒಪ್ಪೋಣ. ಆದರೆ ಒಳಗೆ ಒಂದು ಕೆಪ್ಯಾಸಿಟರ್ ಸತ್ತರೆ ಇಡೀ ಪೆಟ್ಟಿಗೆಯೇ ಕಸ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಡಿಯಾಗಿ ಸಿಗುವ ಕೆಪ್ಯಾಸಿಟರನ್ನು ಒಳಗೆ ಕೂರಿಸಲು ದಾರಿಯಿಲ್ಲ. ಹೊಸ ಗಾಡಿ ಕೊಳ್ಳಲು ಹೊರಟವರು ಟಾಪ್ ಸ್ಪೀಡ್ ಎಷ್ಟು ಎಂದು ಕೇಳುವ ಮೊದಲು ಬಿಡಿಭಾಗಗಳ ಪಟ್ಟಿ ಕೇಳಿ. ತೋರಿಸದಿದ್ದರೆ ಎದ್ದು ಬನ್ನಿ.